ಮಾವ ತಿದ್ದಿದ ವ್ಯಂಗ್ಯಚಿತ್ರ

ಪತ್ರಿಕೆಯ ವ್ಯಂಗ್ಯಚಿತ್ರ ನೋಡಿ ಲೋಕವೆಲ್ಲ ನಗುತ್ತದೆ. ನನ್ನ ಸೋದರಮಾವ ಮಾತ್ರ ಜಗಳಕ್ಕೆ ನಿಲ್ಲುತ್ತಾರೆ! ಬರೀ ಬೈಗುಳವಲ್ಲ ಸ್ವಾಮಿ, ಕೆಂಪು ಪೆನ್ನು ಹಿಡಿದು ಚಿತ್ರವನ್ನೇ ತಿದ್ದುತ್ತಾರೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಅವರು. ಸೆರಗಿನ ನವಿಲನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಬರೆದು, ಒಂದು ಎಳೆ ತಪ್ಪಿದರೂ ಅಳಿಸಿ ಮತ್ತೆ ಬರೆಯುವ ಕೈ. ತಪ್ಪು ಕಂಡರೆ ಸುಮ್ಮನಿರುವುದುಂಟೇ?

ಎಲ್ಲೋ ಸಮುದ್ರದಾಚೆ ಯುದ್ಧ ಶುರುವಾಯಿತು, ಇಲ್ಲಿ ನಮ್ಮ ಪೆಟ್ರೋಲ್ ಬಂಕು ಒಣಗಿತು. ಗಾಡಿಗೆ ಇಷ್ಟೇ ಎಂದು ಅಳೆದು ಹಾಕತೊಡಗಿದರು. ಬಸ್ಸು ಕಡಿಮೆಯಾದವು, ಆಟೋಗಳು ಮೂಲೆ ಸೇರಿದವು. ಪತ್ರಿಕೆಯವರಿಗೋ ಸುಗ್ಗಿ! ಕಾರಿಗೆ ಎತ್ತು ಕಟ್ಟಿದ ಮಂತ್ರಿ, ಪೆಟ್ರೋಲ್ ಪಂಪಿಗೆ ಮಂಗಳಾರತಿ ಎತ್ತುವ ಡೊಳ್ಳುಹೊಟ್ಟೆಗಳ ಸಾಲು.

"ಲೇ, ಇದನ್ನ ಬರ್ದೋನು ಒಂದಿನಾನಾದ್ರೂ ಬಂಕಲ್ಲಿ ನಿಂತವನೇನೋ?" ಮಾವ ನನ್ನ ಮೇಲೆ ಗುಡುಗಿದರು. "ಬೆಳಗ್ಗಿಂದ ಬಿಸಿಲಾಗೆ ನಿಂತೋರಿಗೆ ಹೊಟ್ಟೆ ಎಲ್ಲಿಂದ ಬರ್ತೈತೋ?" ಸಾಲಿನವರ ಹೊಟ್ಟೆಯನ್ನೆಲ್ಲ ಒಳಕ್ಕೆ ತಳ್ಳಿ ಗೆರೆ ಎಳೆದರು. ಮಂತ್ರಿಯದನ್ನು ಮಾತ್ರ ಇನ್ನಷ್ಟು ಮುಂದಕ್ಕೆ ತಂದರು.

ಸಿಟ್ಟಿಗೆ ಕಾರಣವಿತ್ತು. ಅತ್ತೆಯ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆರಡು ಸಲ ಚಳ್ಳಕೆರೆಗೆ ಡಯಾಲಿಸಿಸ್‌ಗೆ ಹೋಗಲೇಬೇಕು. ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರಾಟವೇ ಕಷ್ಟ. ಉಳಿದಿದ್ದು ಮಾವನ ಹಳೇ ಮೊಪೆಡ್ ಒಂದೇ.

ಅಂಥ ಒಂದು ಬೆಳಿಗ್ಗೆ ಬಂಕಿನ ಸಾಲಿನಲ್ಲಿ ನಾನೂ ಜೊತೆಗಿದ್ದೆ. ಮೊಪೆಡ್ಡಿನ ಹಿಂದೆ ಅತ್ತೆ ಬಾತ ಕಾಲು ಇಳಿಬಿಟ್ಟು ಕೂತಿದ್ದರು.

"ಆಸ್ಪತ್ರೆಗೆ ಹೋಗ್ಬೇಕಣ್ಣ, ಒಂಚೂರು ಮುಂದೆ ಬಿಡ್ರಿ," ಮಾವ ಕೈಮುಗಿದರು.

"ಎಲ್ರಿಗೂ ಒಂದೊಂದು ಕಷ್ಟ ಐತೆ, ಹಿಂದೆ ಹೋಗಣ್ಣ," ಎಂದ ಮುಂದಿನವನೊಬ್ಬ.

ಅಷ್ಟರಲ್ಲಿ ವರವು ಕಾವಲ್‌ನ ವಿಮಾನ ಪರೀಕ್ಷಾ ನೆಲೆಯ ಕಡೆಯಿಂದ ವಿಮಾನವೊಂದು ಗುಂಯ್ ಎಂದು ನೆತ್ತಿಯ ಮೇಲೆ ಹಾದುಹೋಯಿತು. "ಲೇ, ಅದಕ್ಕೆ ಯಾವ ಬಂಕಲ್ಲಿ ಹಾಕ್ತಾರೆ, ಕೇಳ್ಕೊಂಡ್ ಬಾ ಹೋಗು!" ಎಂದರು ಮಾವ. ಸಾಲೆಲ್ಲ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಒಬ್ಬನಾದರೂ ಜಾಗ ಬಿಟ್ಟನೇ? ಥೂ! ನಮ್ಮ ಸರದಿ ಬರುವ ಹೊತ್ತಿಗೆ 'ಸ್ಟಾಕ್ ಇಲ್ಲ' ಎಂಬ ಹಲಗೆ ನೇತುಹಾಕಿದರು. ಆ ದಿನದ ಡಯಾಲಿಸಿಸ್ ತಪ್ಪಿತು.

ಮರುದಿನ ಅವರ ಮನೆಗೆ ಹೋದಾಗ ಅತ್ತೆ ಗೋಡೆಗೊರಗಿ ಏದುಸಿರು ಬಿಡುತ್ತಿದ್ದರು. ಹಾಲಿನ ವ್ಯಾನಿನವನು ಚಳ್ಳಕೆರೆಗೆ ಬಿಡುತ್ತೇನೆಂದಿದ್ದ, ಅವನಿಗಾಗಿ ಕಾಯುತ್ತಿದ್ದರು. ಮಾವನ ಕೈಯಲ್ಲಿ ಅವತ್ತಿನ ಪತ್ರಿಕೆ, ಕೆಂಪು ಪೆನ್ನು. ಮತ್ತೆ ಹೊಟ್ಟೆ ಕರಗಿಸುತ್ತಿದ್ದಾರೆ ಎಂದುಕೊಂಡು ಇಣುಕಿದೆ. ಚಿತ್ರದ ಸಾಲಿನ ಮುಂತುದಿಯಲ್ಲಿ, ಪಂಪಿನ ಎದುರಿಗೇ, ಒಂದು ಮೊಪೆಡ್ ಬರೆದಿದ್ದರು. ಹಿಂದಿನ ಸೀಟಿನಲ್ಲಿ ಅತ್ತೆ. ಸೆರಗಿನ ನವಿಲನ್ನೂ ಬಿಟ್ಟಿರಲಿಲ್ಲ.

"ಊರುಕೋಂಡಿ, ಸುಮ್ನಿರ್ರಿ, ಹಿಂದಿನೋರು ಬೈತಾರೆ," ಅತ್ತೆ ತೆಲುಗು ಬೆರೆಸಿ ಗದರಿದರು.

"ಬೈಲಿ ಬಿಡೇ. ಇಲ್ಲಾದ್ರೂ ನೀನು ಮುಂದೆ ಇರು."

ಅತ್ತೆ ಚಿತ್ರವನ್ನು ಹತ್ತಿರಕ್ಕೆ ಹಿಡಿದು ನೋಡಿದರು. "ಕಾಲು ತಪ್ಪಾಗೈತಲ್ರಿ. ಇಷ್ಟು ಸಣ್ಣಗವಾ ನನ್ ಕಾಲು?"

ಮಾವ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಆ ತಪ್ಪನ್ನು ಅವರು ತಿದ್ದಲಿಲ್ಲ.