ಮೂರು ಜಾತಿಯ ತೋಟಾ

ಬೆಳಗಾವಿ ಕ್ಯಾಂಪಿನ ಇಮಾಮಹುಸೇನ ಕೊಟ್ಟ ಬಂದೂಕಿನ ಖಾಲಿ ತೋಟಾಗಳೆಲ್ಲ ಒಂದೇ ಜಾತಿಯವಾಗಿದ್ದರೆ ಪದ್ಮಾಕರನಿಗೆ ಆ ದಿನ ಅಷ್ಟು ಫಜೀತಿ ಆಗುತ್ತಿರಲಿಲ್ಲ.

ಬೆಳಗಾವಿಯ ಅಂಗಡಿಯಲ್ಲಿ ಹೊಸ ತೋಟಾ ಮುಗಿದು ತಿಂಗಳಾಗಿತ್ತು. ಬಂದೂಕು ರಿಪೇರಿಯ ಇಮಾಮಹುಸೇನ, "ಹೊಸಾವು ಯಾಕ ಬೇಕ್ರಿ? ಹಾರಿಸಿ ಬಿಟ್ಟ ತೋಟಾಕ್ಕ ಮತ್ತ ಮದ್ದು ತುಂಬಿದ್ರ ಆತು," ಎಂದು ಒಂದು ಬಟ್ಟೆಚೀಲವನ್ನೂ ಮದ್ದಿನ ಡಬ್ಬಿಯನ್ನೂ ಕೈಗಿಟ್ಟಿದ್ದ. ಪದ್ಮಾಕರ ತನ್ನೂರು ಪಾರಿಶ್ವಾಡಕ್ಕೆ ಬಂದು ಚೀಲ ಬಿಚ್ಚಿ ನೋಡಿದರೆ ಒಳಗೆ ಹಿತ್ತಾಳೆಯವು, ಕಾಗದದವು, ಪ್ಲಾಸ್ಟಿಕ್ಕಿನವು ಎಲ್ಲ ಕಲೆತಿದ್ದವು, ಒಬ್ಬರಿಗೊಬ್ಬರು ಮಾತು ಬಿಟ್ಟ ಬೀಗರು ಒಂದೇ ಬಂಡಿ ಹತ್ತಿದಂತೆ.

ಪದ್ಮಾಕರ ಇರುವೆ ಕಂಡರೆ ಕಾಲು ಎತ್ತಿಡುವ ಜೈನರ ಮನುಷ್ಯ. ಅಜ್ಜನ ಕಾಲದ ಬಂದೂಕಿಗೆ ಬೆಳೆ ಕಾಯುವ ಲೈಸೆನ್ಸ್ ಇತ್ತು, ಆದರೆ ಅದರಿಂದ ಒಂದು ಗುಬ್ಬಿಯೂ ಸತ್ತಿರಲಿಲ್ಲ. ಹೊಸ ತೋಟಾದೊಳಗಿನ ಛರ್ರೆಗುಂಡು ತೆಗೆದು ಬರೀ ಮದ್ದಿನಿಂದ ಢಂ ಎನ್ನಿಸುವುದು, ಶೇಂಗಾ ಹೊಲದಿಂದ ಮಂಗಗಳು ಓಡುವುದು, ಇಷ್ಟೇ ಅವರ ಮನೆತನದ ಶಿಕಾರಿ. ತೋಟಾ ಮುಗಿದ ಮೇಲೆ ಬಂದೂಕು ಮೂಲೆ ಹಿಡಿದಿತ್ತು, ಮಂಗಗಳು ಹೊಲ ಹಿಡಿದಿದ್ದವು. ಸಾಲದ್ದಕ್ಕೆ ಆ ದಿನವೇ ಲೈಸೆನ್ಸ್ ಮುಂದುವರಿಸಬೇಕೋ ಬೇಡವೋ ನೋಡಲು ಪೊಲೀಸ್ ಸರ್ಕಲ್ ಸಾಹೇಬರು ಬರುವವರಿದ್ದರು.

"ಸಾಹೇಬ್ರ ಮುಂದ ಬಂದೂಕು ಹಾರಲಿಲ್ಲಂದ್ರ ತುಕ್ಕು ಹಿಡದೈತಿ ಅಂತ ಜಮಾ ಮಾಡಸ್ತಾರ ನೋಡು," ಎಂದು ಬಾಜೂ ಮನೆಯ ಸಾತಪ್ಪ ಬೆಳಗಾಗುವಷ್ಟರಲ್ಲೇ ಬಂದು ಹೆದರಿಸಿದ.

ಅವನ ಹಿಂದೆಯೇ ಗುರುಪುತ್ರಪ್ಪ ಬಂದ. "ಸರೀರಿ ಎಲ್ಲಾರೂ. ಮಿಲಿಟ್ರಿಯಾಗ ಇದ್ದಾವ ನಾನು!" ಮಿಲಿಟರಿಯಲ್ಲಿ ಆತ ಅಡಿಗೆಮನೆಯಲ್ಲಿದ್ದನೆಂಬುದು ಊರಿಗೆಲ್ಲ ಗೊತ್ತಿತ್ತು, ಆದರೆ ಅದನ್ನು ಅವನೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪಡಸಾಲೆಯಲ್ಲಿ ಕೆಲಸ ಸುರುವಾಯಿತು. ಪದ್ಮಾಕರನ ತಾಯಿ ಅಕ್ಕಾತಾಯಿ ಒಂದೊಂದೇ ಖಾಲಿ ತೋಟಾ ಎತ್ತಿ ಒಳಗೆ ಇರುವೆ ಇದೆಯೇ ಎಂದು ಇಣುಕಿ, ಉಫ್ ಎಂದು ಊದಿ ಮಗನ ಕೈಗೆ ಕೊಟ್ಟಳು. ಗುರುಪುತ್ರಪ್ಪ ಸಾರಿಗೆ ಉಪ್ಪು ಹಾಕುವವನಂತೆ ಕಣ್ಣು ಮುಚ್ಚಿ ಮದ್ದು ಹಾಕತೊಡಗಿದ.

"ಅಳತಿ ಇಲ್ಲೇನೋ ಇದಕ್ಕ?" ಎಂದ ಪದ್ಮಾಕರ.

"ಕೈ ಹೇಳ್ತೈತಿ, ಕೈ! ಇಡೀ ಪಲ್ಟಣಕ್ಕ ಹಿಂಗ ಹಾಕೀನಿ."

ಮದ್ದಿನ ಮೇಲೆ ಒತ್ತಿ ತುರುಕುವ ಬಿರಡೆ ಬೇಕಿತ್ತು. ಸಾತಪ್ಪನ ಹೆಂಡತಿ ಗೌರವ್ವ ಹಳೆ ಕೌದಿಯ ಚಿಂದಿ ತಂದು ಕೊಟ್ಟಳು. ಕಾಗದದ ತೋಟಾಕ್ಕೆ ಅದು ಬಿಗಿಯಾಗಿ ಕೂತಿತು. ಹಿತ್ತಾಳೆಯದಕ್ಕೆ ಅದೇ ಅಳತೆಯ ಚಿಂದಿ ಹಾಕಿದರೆ ಅಣ್ಣನ ಅಂಗಿ ತಮ್ಮ ತೊಟ್ಟಂತೆ ಲೊಳಲೊಳ. ಹಿತ್ತಾಳೆಯ ಗೋಡೆ ತೆಳುವಾದ್ದರಿಂದ ಒಳಹೊಟ್ಟೆ ದೊಡ್ಡದು. ಪ್ಲಾಸ್ಟಿಕ್ಕಿನದು ಇನ್ನೊಂದು ಕತೆ. ಅದರ ಬಾಯಿಯನ್ನು ಎಷ್ಟು ಮಡಚಿದರೂ ಕೈ ಬಿಟ್ಟ ಕೂಡಲೇ ಅರಳಿ, ಮದ್ದೆಲ್ಲ ಪದ್ಮಾಕರನ ಧೋತರದ ಮೇಲೆ ಸುರಿಯುತ್ತಿತ್ತು.

"ಬೆಲ್ಲದ ಪಾಕ ಹಚ್ಚಿ ಬಾಯಿ ಮುಚ್ಚು," ಎಂದ ಗುರುಪುತ್ರಪ್ಪ. ಹಚ್ಚಿದರು. ಹೊತ್ತು ಏರುವುದರೊಳಗೆ ತೋಟಾಗಳಿಗೆ ಇರುವೆ ಮುತ್ತಿ, ಅಕ್ಕಾತಾಯಿ ನವಿಲುಗರಿಯಿಂದ ಅವನ್ನು ಒಂದೊಂದಾಗಿ ಇಳಿಸುತ್ತ ಕೂತಳು. "ಇವು ಪೂರ್ತಿ ಇಳಿಯೂತನಕ ಯಾರೂ ಬಂದೂಕು ಮುಟ್ಟಬ್ಯಾಡ್ರಿ!" ಕೊನೆಗೆ ಬೆಲ್ಲ ತೊಳೆದು ಮೇಣ ಹಚ್ಚಬೇಕಾಯಿತು.

ಅಷ್ಟರಲ್ಲಿ ಸಾತಪ್ಪ ಮಳೆಗಾಲದ ತೇವಕ್ಕೆ ಉಬ್ಬಿದ ಕಾಗದದ ಖಾಲಿ ತೋಟಾಗಳನ್ನು ಒಣಗಿಸಲು ಅಡಿಗೆಮನೆಗೆ ಒಯ್ದಿದ್ದ. ಒಳಗಿಂದ ಪದ್ಮಾಕರನ ಹೆಂಡತಿ ರಾಜಮತಿಯ ದನಿ ಕೇಳಿಸಿತು: "ರೊಟ್ಟಿ ಹಂಚಿನ ಮ್ಯಾಲ ಯಾಕ ಇಟ್ಟೀರಿ ಅವನ್ನ? ನಿಮ್ಮ ಮನ್ಯಾಗ ಹಂಚಿಲ್ಲೇನು?" ಸಾತಪ್ಪ ಒಂದು ಕೈಯಲ್ಲಿ ಸುಟ್ಟ ತೋಟಾ, ಇನ್ನೊಂದರಲ್ಲಿ ಬಿಸಿ ರೊಟ್ಟಿ ಹಿಡಿದು ಹೊರಗೆ ಓಡಿ ಬಂದ.

ಎಲ್ಲರೂ ಹೊಲಕ್ಕೆ ಹೋದರು. ಸುದ್ದಿ ಹಬ್ಬಿ ಅರ್ಧ ಊರೇ ಬದುವಿನ ಮೇಲೆ ಕೂತಿತ್ತು. ಹೊಲದೊಳಗೆ ಮಂಗಗಳು ಪಂಗ್ತಿಗೆ ಕೂತವರಂತೆ ಸಾಲಾಗಿ ಕೂತು ಶೇಂಗಾ ಕಿತ್ತು ತಿನ್ನುತ್ತಿದ್ದವು. ಪದ್ಮಾಕರನನ್ನು ಕಂಡು ಒಂದೂ ಏಳಲಿಲ್ಲ.

ಮೊದಲು ಕಾಗದದ್ದು. ಉಬ್ಬಿದ ತೋಟಾ ನಳಿಗೆಯೊಳಗೆ ಅರ್ಧ ಹೋಗಿ ಅಲ್ಲೇ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಉಗುರಿನಿಂದ ಮೀಟಿ ಕೀಳುವಷ್ಟರಲ್ಲಿ ಪದ್ಮಾಕರನ ಬೆವರಿಳಿಯಿತು. ಆಮೇಲೆ ಹಿತ್ತಾಳೆಯದು. ಬಂದೂಕಿನ ಕುದುರೆ ಎಳೆದ. ನೆಗಡಿಯಾದ ಮುದುಕ ಸೀನಿದಂತೆ 'ಪುಸ್ಸ್' ಎಂದಿತು. ಗೌರವ್ವನ ಕೌದಿಯ ಚಿಂದಿ ನಳಿಗೆಯಿಂದ ಹೊರಬಿದ್ದು, ಅವನ ಕಾಲ ಮೇಲೆ ಕೂತು ಹೊಗೆಯಾಡಿತು. ಒಂದು ಮರಿಮಂಗ ಹತ್ತಿರ ಬಂದು ಅದನ್ನು ಮೂಸಿ ನೋಡಿ ಹೋಯಿತು.

ಬದುವಿನ ಮೇಲಿನವರು ನಕ್ಕರು. ಪದ್ಮಾಕರನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಜ್ಜನ ಬಂದೂಕು ಇವತ್ತು ಹೋಯಿತು ಎಂದುಕೊಂಡು ಮೇಣ ಹಚ್ಚಿದ ಪ್ಲಾಸ್ಟಿಕ್ ತೋಟಾ ಹಾಕಿದ. ಅದಕ್ಕೆ ಗುರುಪುತ್ರಪ್ಪ ಒಮ್ಮೆ ಮದ್ದು ಹಾಕಿದ್ದ. ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದ್ದ.

ಢಮ್!

ಹೊಳೆಯ ಆಚೆಗಿನ ಗುಡ್ಡ ಮರುದನಿ ಕೊಟ್ಟಿತು. ಪದ್ಮಾಕರ ಶೇಂಗಾ ಸಾಲಿನಲ್ಲಿ ಅಂಗಾತ ಬಿದ್ದ. ಕಣ್ಣು ಬಿಟ್ಟು ನೋಡಿದಾಗ ಹೊಲದಲ್ಲಿ ಒಂದು ಮಂಗವೂ ಇರಲಿಲ್ಲ. ಇಡೀ ಹಿಂಡು ಬಾಲ ಎತ್ತಿಕೊಂಡು ಹೊಳೆಯ ಸೇತುವೆಯ ಮೇಲೆ ಓಡುತ್ತಿತ್ತು. ಜನ ಸೀಟಿ ಹೊಡೆದರು. ಅವನ ಭುಜ ಬಾತು ಕುಂಬಳಕಾಯಿಯಾಗಿತ್ತು, ಆದರೂ ಮುಖ ಅರಳಿತ್ತು.

ಆಗಲೇ ಫಟಫಟಿ ಮೋಟರ್‌ಸೈಕಲ್ಲಿನ ಸದ್ದು ಮಾಡುತ್ತ ಸರ್ಕಲ್ ಸಾಹೇಬರು ಬಂದಿಳಿದರು.

"ಬಂದೂಕಂತೂ ಹಾರ್ತೈತಿ. ಸಪ್ಪಳ ನಾನೂ ಕೇಳಿದೆ," ಎಂದರು. ಪದ್ಮಾಕರ ಕೈ ಮುಗಿದ. "ಈಗ ಮಂಗ್ಯಾ ತೋರಸ್ರಿ."

"ಈಗಷ್ಟ ಓಡಿಸಿದೆ ಸಾಹೇಬ್ರ!"

"ಅದು ನೀವು ಹೇಳೂದಾತು. ಬೆಳಿಗೆ ಕಾಟ ಐತಿ ಅಂತ ನಾ ಕಣ್ಣಿಲೆ ನೋಡಿ ಬರೀಬೇಕಲ್ಲ?"

ಪದ್ಮಾಕರ ಸಾತಪ್ಪನ ಮನೆಯಿಂದ ಬಾಳೆಹಣ್ಣಿನ ಗೊನೆ ತರಿಸಿದ. ಅದನ್ನು ಎತ್ತಿ ಹಿಡಿದು ಸೇತುವೆಯ ಕಡೆ ನಿಂತು, "ಬರ್ರ್ಯೋ ನಮ್ಮಪ್ಪಾ, ಬರ್ರಿ! ಏನೂ ಮಾಡಂಗಿಲ್ಲ, ಬರ್ರಿ!" ಎಂದು ಕರೆದ. ಯಾವ ಮಂಗವೂ ಬರಲಿಲ್ಲ. ಸಾಹೇಬರೇ ಎರಡು ಹಣ್ಣು ತಿಂದರು.

"ಇನ್ನೊಂದ್ ತಾಸು ಕುಂದರ್ರಿ ಸಾಹೇಬ್ರ, ಖರೇನ ಬರ್ತಾವ," ಎಂದು ಪದ್ಮಾಕರ ಅಂಗಲಾಚಿದ.

ಆಗ ಗುರುಪುತ್ರಪ್ಪ ಎದೆಯುಬ್ಬಿಸಿ ಮುಂದೆ ಬಂದ. "ಏ, ಎಲ್ಲೀದು! ನಾ ತುಂಬಿದ ತೋಟಾದ ಸಪ್ಪಳ ಕೇಳಿದ ಮ್ಯಾಲ ಈ ಊರಿಗೆ ಮಂಗ್ಯಾ ಮತ್ತ ಕಾಲಿಡಂಗಿಲ್ರಿ ಸಾಹೇಬ್ರ. ಬರಕೋರಿ, ನಂದು ಗ್ಯಾರಂಟಿ!"

ಸಾಹೇಬರು ಬರೆದುಕೊಂಡರು. ಮಂಗದ ಕಾಟ ಇಲ್ಲವೆಂದ ಮೇಲೆ ಬೆಳೆ ಕಾಯುವ ಬಂದೂಕೂ ಬೇಕಿಲ್ಲ. ಹೊಳೆಯಾಚೆ, ಖಾನಾಪುರದ ದಾರಿಯಲ್ಲಿರುವ ಪೊಲೀಸ್ ಹೊರಠಾಣೆಯಲ್ಲಿ ಅವತ್ತೇ ಜಮಾ ಮಾಡಬೇಕೆಂದು ಹೇಳಿ ಫಟಫಟಿ ಹತ್ತಿದರು.

ಸಂಜೆ ಪದ್ಮಾಕರ ಬಂದೂಕನ್ನೂ ಉಳಿದ ತೋಟಾಗಳನ್ನೂ ಹೆಗಲಿಗೇರಿಸಿ, ಹೆಣ ಹೊತ್ತವನಂತೆ ಹೊರಠಾಣೆಗೆ ನಡೆದ. ಠಾಣೆ ನೋಡಿಕೊಳ್ಳುವ ಫೌಜದಾರರು ಒಳಗೆ ಕುರ್ಚಿಯ ಮೇಲೆ ಅಲ್ಲ, ಕುರ್ಚಿಯ ಹಿಂದೆ ನಿಂತಿದ್ದರು. ಮೇಲಿನಿಂದ ಒಂದು ಹಂಚು ಜಾರಿ ಮೇಜಿನ ಮೇಲೆ ಬಿದ್ದು ಚೂರಾಯಿತು.

"ಮಧ್ಯಾಹ್ನ ಎಲ್ಲಿಂದೋ ಒಂದು ಹಿಂಡು ಮಂಗ್ಯಾ ಬಂದಾವ್ರಿ," ಎಂದರು ಫೌಜದಾರರು. "ಮಾಡಿನ ಮ್ಯಾಲ ಒಂದು ಹಂಚು ಉಳಿಸಿಲ್ಲ. ನನ್ನ ಟೋಪಿ ಸುದ್ದಾ ಒಯ್ದಾವು. ಆ ಬಂದೂಕು ಹಾರ್ತೈತೇನು?"

"ಹಾರ್ತೈತ್ರಿ. ಜಮಾ ಮಾಡಾಕ..."

"ಜಮಾ ಆಮ್ಯಾಲ. ನನ್ನ ಕಣ್ಣ ಮುಂದ ಒಂದು ಸಪ್ಪಳ ಮಾಡ್ರಿ ಮೊದಲ, ಪುಣ್ಯಾ ಬರ್ತೈತಿ."

ಪದ್ಮಾಕರನಿಗೆ ಕೊನೆಯ ಸಲ ಅಜ್ಜನ ಬಂದೂಕು ಹಿಡಿದ ಸಂತೋಷ. ಉಳಿದಿದ್ದ ಒಂದು ಪ್ಲಾಸ್ಟಿಕ್ ತೋಟಾ ಹಾಕಿ, ನೋಯುವ ಭುಜಕ್ಕೆ ಆನಿಸಿ, ಆಕಾಶಕ್ಕೆ ಗುರಿಯಿಟ್ಟು ಎಳೆದ. ಢಮ್! ಮಾಡಿನಿಂದ ಮಂಗಗಳು ಧಪಧಪನೆ ಉದುರಿ, ಟೋಪಿ ಅಲ್ಲೇ ಬಿಟ್ಟು ರಸ್ತೆಗಿಳಿದು ಓಡಿದವು.

"ಭೇಷ್!" ಫೌಜದಾರರು ಟೋಪಿ ಕೊಡವಿ ತಲೆಗಿಟ್ಟುಕೊಂಡರು, ಬಂದೂಕನ್ನು ಇಸಿದುಕೊಂಡು ಕಪಾಟಿನೊಳಗಿಟ್ಟು ಬೀಗ ಹಾಕಿದರು. ಪದ್ಮಾಕರ ಬಾಗಿಲಲ್ಲಿ ನಿಂತು ರಸ್ತೆಯ ಕಡೆ ನೋಡುತ್ತಿದ್ದ. ಮಂಗಗಳು ಸೇತುವೆ ದಾಟಿ ಪಾರಿಶ್ವಾಡದ ಹಾದಿ ಹಿಡಿದಿದ್ದವು.

"ಸಾಹೇಬ್ರ," ಎಂದ ಅವನು, "ಅವು ಮತ್ತ ಹೊಳ್ಳಿ ಇಲ್ಲಿಗೆ ಬಂದ್ರ?"

"ಛೇ ಛೇ, ಯಾಕ ಬರ್ತಾವ್ರಿ?" ಫೌಜದಾರರು ಅವನ ಬಾತ ಭುಜವನ್ನೇ ತಟ್ಟಿದರು. "ಆ ಕಡೆ ಈಗ ಬಂದೂಕ ಇಲ್ಲಲ್ಲ. ಅಲ್ಲೇ ಆರಾಮ ಇರ್ತಾವ."