ಮಲ್ಲಪ್ಪನ ಕಣ್ಣು, ನನ್ನ ಇಂಗ್ಲಿಷು

ಠಣ್, ಠಣ್, ಠಣ್. ಕಣ್ಣು ಮುಚ್ಚಿದರೆ ಈಗಲೂ ಕೇಳಿಸುತ್ತದೆ. ಕರ್ನಾಟಕದ ಗಡಿಯ ಹತ್ತಿರದ ಮಕ್ತಲ್‌ನ ನಮ್ಮ ಎಂಜಿನಿಯರಿಂಗ್ ಕಂಪನಿಯಲ್ಲಿ ಸೈರನ್ ಇರಲಿಲ್ಲ. ಬೇವಿನ ಮರಕ್ಕೆ ಒಂದು ತುಂಡು ರೈಲು ಕಂಬಿ ನೇತುಹಾಕಿದ್ದರು. ವಾಚ್‌ಮನ್ ಅದಕ್ಕೆ ಬೋಲ್ಟು ಬಿಚ್ಚುವ ಪಾನಾದಿಂದ ಬಡಿದರೆ ಒಂಬತ್ತು ಗಂಟೆ. ಪ್ರತ್ಯೇಕ ರಾಜ್ಯದ ಚಳವಳಿಯ ದಿನಗಳಲ್ಲಿ ಗೇಟಿನ ಹೊರಗೆ ಚಳವಳಿಯವರು ತಮಟೆಯಂಥ ಡಪ್ಪು ಬಡಿಯುತ್ತಿದ್ದರು, ಒಳಗೆ ಈ ಠಣ್. ಕೆಲವು ದಿನ ಎರಡೂ ಒಂದೇ ತಾಳಕ್ಕೆ ಬೀಳುತ್ತಿದ್ದವು. ಆಗ ಒಳಗಿದ್ದವರೆಲ್ಲ "ಜೈ ತೆಲಂಗಾಣ" ಎನ್ನುತ್ತ ಹೊರಗೆ ಹೋಗಿಬಿಡುತ್ತಿದ್ದರು. ನಾನೊಬ್ಬಳು ಫ್ಯಾನಿನ ಕೆಳಗೆ ಕೂತು, ಗೇಟು ಮುಚ್ಚಿರುವ ಬಗ್ಗೆ ಹೈದರಾಬಾದಿನ ಹೆಡ್ ಆಫೀಸಿಗೆ ಅಂದವಾದ ಕ್ಷಮಾಪಣೆಯ ಪತ್ರ ಬರೆಯುತ್ತಿದ್ದೆ.

ಅಂದವಾದ ಪತ್ರ ಬರೆಯುವುದೇ ನನ್ನ ನೌಕರಿ. ನಾರಾಯಣಪೇಟೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಟೀಚರಾಗಿದ್ದು ರಿಟೈರ್ ಆದ ಮೇಲೆ, ಮನೆಯಲ್ಲಿ ಕೂತರೆ ಸೊಸೆಯ ಅಡುಗೆಗೆ ಕರೆಕ್ಷನ್ ಹಾಕುತ್ತೇನೆಂದು ಎಲ್ಲರಿಗೂ ಭಯವಾಗಿ, ನನ್ನನ್ನು ಈ ಕಂಪನಿಯ ಕರೆಸ್ಪಾಂಡೆನ್ಸ್ ನೋಡಿಕೊಳ್ಳಲು ಕಳಿಸಿದರು. ದಿನವೂ ನಾರಾಯಣಪೇಟೆಯಿಂದ ಮಕ್ತಲ್‌ಗೆ ಬಸ್ಸು. ಕಂಪನಿ ಕಾಲುವೆಗೆ ಕಬ್ಬಿಣದ ಗೇಟು, ಪಂಪ್‌ಹೌಸಿಗೆ ಪೈಪು ಮಾಡುತ್ತಿತ್ತು. ನನಗೆ ಗೇಟೂ ಗೊತ್ತಿಲ್ಲ, ಪೈಪೂ ಗೊತ್ತಿಲ್ಲ. ಆದರೆ ಚಿಕ್ಕಂದಿನಲ್ಲಿ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಸಿಸ್ಟರ್ ಬಿಯಾಟ್ರಿಸ್ ಹೇಳಿಕೊಟ್ಟ ಲೆಟರ್ ರೈಟಿಂಗ್ ಮಾತ್ರ ರಕ್ತದಲ್ಲಿತ್ತು. ಮೊದಲು ಥ್ಯಾಂಕ್ಸ್, ಆಮೇಲೆ ಹವಾಮಾನ, ಆಮೇಲೆ ಎದುರಿನವರ ದೊಡ್ಡತನ. ದೂರು ಏನಾದರೂ ಇದ್ದರೆ ಕೊನೆಯಲ್ಲಿ, ಸಾರಿಗೆ ಇಂಗು ಹಾಕಿದಷ್ಟು. ಈ ಕ್ರಮದಲ್ಲಿ ನಾನು ಹಾಸ್ಟೆಲಿನಿಂದ ಮನೆಗೆ "ಇಲ್ಲಿ ಹವೆ ಹಿತವಾಗಿದೆ" ಎಂದು ಬರೆದ ಪತ್ರದ ಕೊನೆಯ ಸಾಲಿನಲ್ಲಿ ನನಗೆ ಟೈಫಾಯ್ಡ್ ಆದ ಸುದ್ದಿ ಇತ್ತಂತೆ. ಅಪ್ಪ ಕೊನೆಯ ಸಾಲಿನವರೆಗೆ ಓದುವವರಾಗಿದ್ದುದರಿಂದ ಇವತ್ತು ಇದನ್ನು ಬರೆಯಲು ನಾನು ಇದ್ದೇನೆ.

ಕೊನೆಗೆ ರಾಜ್ಯ ಬಂತು. ಹುಟ್ಟಿದ್ದು ನಿಜಾಮರ ಕಾಲದಲ್ಲಿ, ಟೀಚರಾಗಿದ್ದು ಆಂಧ್ರಪ್ರದೇಶದಲ್ಲಿ, ಈಗ ತೆಲಂಗಾಣ. ಮಾಡಿದ ಪ್ರಯಾಣ ಮಾತ್ರ ಅಡುಗೆಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ. ಹಳೆಯ ಲೆಟರ್‌ಹೆಡ್ಡುಗಳು ಕಟ್ಟು ಕಟ್ಟು ಉಳಿದಿದ್ದವು. ಸ್ಕೇಲು ಇಟ್ಟು ಪ್ರತಿಯೊಂದರಲ್ಲೂ ಹಳೆಯ ರಾಜ್ಯದ ಹೆಸರು ಹೊಡೆದು, ಮೇಲೆ ಹೊಸದನ್ನು ನನ್ನ ದುಂಡು ಅಕ್ಷರದಲ್ಲಿ ಬರೆದೆ. ಕ್ರೇನ್ ಆಪರೇಟರ್ ಯೂಸುಫ್ ಬಾಗಿಲಲ್ಲಿ ನಿಂತು ನೋಡಿ, "ಅರೆ ಮೇಡಂ, ನಾವು ರೋಡಿನ್ಯಾಗ ಕುಂತು ರಾಜ್ಯ ತಂದ್ವಿ, ನೀವು ಫ್ಯಾನಿನ ಕೆಳಗ ಕುಂತು ತಂದ್ರಿ ನೋಡ್ರಿ" ಅಂದ.

ಹೊಸ ರಾಜ್ಯಕ್ಕೆ ಹೊಸ ಗಾಳಿ ಎಂದು ಹೆಡ್ ಆಫೀಸಿಗೂ ಅನ್ನಿಸಿರಬೇಕು. ಒಂದು ದಿನ ಫಾರಮ್ಮುಗಳು ಬಂದವು. ಈ ಕಂಪನಿಯಲ್ಲಿ ಕೆಲಸ ಮಾಡುವುದರಲ್ಲಿ ನಿಮಗೆ ಏನು ಇಷ್ಟ, ಏನು ಇಷ್ಟವಿಲ್ಲ? ಅಷ್ಟೇ ಪ್ರಶ್ನೆ, ಇಂಗ್ಲಿಷಿನಲ್ಲಿ. ಕೆಲಸಗಾರರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ, ಅವರು ಹೇಳಿದ್ದನ್ನು "ಮೇಡಂ ಬರೆದು ಕಳಿಸತಕ್ಕದ್ದು" ಎಂದು ಆದೇಶ. ನನ್ನ ಸಂಭ್ರಮ ಕೇಳಬೇಡಿ. ಹೊಸ ಪೆನ್ನು ತಂದೆ.

ಯೂಸುಫ್ ಮೊದಲು ಬಂದ. "ಇಷ್ಟ ಅಂದ್ರ, ಕ್ರೇನ್ ಮ್ಯಾಲ ಕುಂತ್ರ ಫೋರ್‌ಮನ್ ಬೋಳು ತಲಿ ಕಾಣತೈತ್ರಿ. ಇಷ್ಟ ಇಲ್ದಿದ್ದು, ಟ್ಯಾಂಕಿನ ನೀರು. ಬಿಸ್ಲಾಗ ಕಾದು ಕಾದು, ಚಾಪತ್ತಿ ಹಾಕಿದ್ರ ಚಾ ಆಗತೈತಿ." ನಾನು ಬರೆದೆ: ಎತ್ತರದ ಆಸನದಿಂದ ತನ್ನ ಮೇಲಧಿಕಾರಿಯನ್ನು ಗೌರವದಿಂದ ಗಮನಿಸುವ ಅವಕಾಶ ಇವನಿಗೆ ಪ್ರಿಯ, ಕುಡಿಯುವ ನೀರು ವರ್ಷವಿಡೀ ಬೆಚ್ಚಗೆ ದೊರೆಯುತ್ತದೆ. ಬರೆದದ್ದನ್ನು ಕನ್ನಡದಲ್ಲಿ ಹೇಳಿ ಎಂದ. ಹೇಳಿದೆ. ಯೂಸುಫ್ "ನೀರಿಗೆ ಥ್ಯಾಂಕ್ಸ್ ಹೇಳಿದಂಗ ಐತಲ್ರಿ ಮೇಡಂ" ಅಂದ. "ಅದು ಇಂಗ್ಲಿಷಿನ ಮರ್ಯಾದೆ, ನಿನಗೆ ತಿಳಿಯೋದಿಲ್ಲ" ಎಂದು ಕಳಿಸಿದೆ.

ಮಲ್ಲಪ್ಪ ಬಂದದ್ದು ಕೊನೆಗೆ. ಗದ್ವಾಲದ ಆಚೆ ಇಟಿಕ್ಯಾಲದವನು, ಹದಿನೆಂಟು ವರ್ಷದಿಂದ ವೆಲ್ಡರ್. ಅವನ ಕಣ್ಣು ಯಾವಾಗಲೂ ಕೆಂಪು. ಹಿಂದಿನ ದಿನ ಹೆಚ್ಚು ಕೆಲಸವಾಗಿದ್ದರೆ ಮಾರನೆಯ ದಿನ ಊಟದ ಹೊತ್ತಿನಲ್ಲಿ ಮರದ ಕೆಳಗೆ ಮಲಗಿ ರೆಪ್ಪೆಯ ಮೇಲೆ ಆಲೂಗಡ್ಡೆ ಹೋಳು ಇಟ್ಟುಕೊಳ್ಳುತ್ತಿದ್ದ. ಅವನು ಕುರ್ಚಿಯಲ್ಲಿ ಕೂರಲಿಲ್ಲ.

"ಅಮ್ಮಾರ, ನಂದು ಒಂದ ಮಾತು. ಕಣ್ಣಾಗ ಉಸುಕು ಸುರುವಿದಂಗ ಆಗತೈತ್ರಿ. ಸಂಜಿಗೆ ಹೆಂಡ್ತಿ ಮಾರಿ ಎರಡೆರಡು ಕಾಣತೈತಿ. ಗದ್ವಾಲದಾಗ ನಮ್ಮ ಕಂಪನಿ ಸ್ಟೋರಿನ್ಯಾಗ ಜಾಗ ಖಾಲಿ ಐತಂತ. ನನ್ನ ಅಲ್ಲಿಗೆ ಹಾಕಾಕ ಬರೀರಿ. ಇನ್ನೊಂದು ವರ್ಷ ರಾಡು ಹಿಡದ್ರ ನಾ ಕುರುಡ ಆಗ್ತೀನ್ರಿ."

"ಬರೀತೀನಪ್ಪಾ. ಮೊದಲು ಇಷ್ಟ ಏನು ಹೇಳು. ಆ ಕಾಲಂ ಖಾಲಿ ಬಿಡಬಾರದು."

"ಏನೂ ಇಲ್ರಿ."

"ಏನಾದರೂ ಇರಬೇಕಲ್ಲ."

ಪಾಪ, ನನ್ನ ಸಮಾಧಾನಕ್ಕೆ ಯೋಚಿಸಿ ಹೇಳಿದ: "ಕರಿ ಗಾಜಿನ್ಯಾಗ ನೋಡಿದ್ರ, ಕಬ್ಬಿಣ ಕರಗೋದು ಚಂದ ಕಾಣತೈತ್ರಿ. ಎಣ್ಣಿ ದೀಪದಂಗ."

ಅಷ್ಟು ಸಾಕಾಯಿತು. ನಾನು ಆ ದೀಪವನ್ನು ಹಿಡಿದು ಹೊರಟೆ. ಕಿಡಿಗಳು, ನಕ್ಷತ್ರಗಳು, ಕೃಷ್ಣೆಯ ನೀರನ್ನು ಹೊಲಕ್ಕೆ ಹತ್ತಿಸುವ ಹೆಮ್ಮೆ, ಹದಿನೆಂಟು ವರ್ಷದ ತಪಸ್ಸು, ಎಲ್ಲ ಬಂದವು. ಹಾಳೆಯ ಹಿಂಬದಿಗೂ ಹರಿಯಿತು. ಕೊನೆಯಲ್ಲಿ, ಜಾಗ ಉಳಿದಿದ್ದ ಮೂಲೆಯಲ್ಲಿ, ಮ್ಯಾನೇಜ್‌ಮೆಂಟಿಗೆ ತೊಂದರೆಯಾಗದಿದ್ದಲ್ಲಿ ಈ ಕಣ್ಣುಗಳು ಗದ್ವಾಲ ಸ್ಟೋರಿನ ನೆರಳಿನಲ್ಲಿ ಸ್ವಲ್ಪ ವಿಶ್ರಾಂತಿಯನ್ನು ಬೇಡವೆನ್ನಲಾರವು ಎಂದು ಬರೆದೆ. ಓದಿಕೊಂಡಾಗ ನನಗೇ ಕಣ್ಣು ಒದ್ದೆಯಾಯಿತು. ಮಲ್ಲಪ್ಪನ ಕಣ್ಣಿಗಲ್ಲ, ನನ್ನ ವಾಕ್ಯಕ್ಕೆ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಎರಡು ತಿಂಗಳಿಗೆ ಹೆಡ್ ಆಫೀಸಿನಿಂದ ಮಲ್ಲಪ್ಪನ ಹೆಸರಿಗೆ ಚೌಕಟ್ಟು ಹಾಕಿದ ಒಂದು ಸರ್ಟಿಫಿಕೇಟು, ಒಂದು ಪತ್ರ ಬಂದವು. ಮಲ್ಲಪ್ಪ ಕೈ ಒರೆಸಿಕೊಂಡು ಓಡಿ ಬಂದ. "ಸ್ಟೋರ್ ಆತೇನ್ರಿ ಅಮ್ಮಾರ?"

ಪತ್ರದಲ್ಲಿ ಹೀಗಿತ್ತು: ತನ್ನ ಕೆಲಸವನ್ನು ಇಷ್ಟೊಂದು ಪ್ರೀತಿಸುವ ವೆಲ್ಡರನ್ನು ಕಂಪನಿ ಇದುವರೆಗೆ ಕಂಡಿಲ್ಲ. ಇಂಥ ಪ್ರತಿಭೆ ಚಿಕ್ಕ ವರ್ಕ್‌ಶಾಪಿನಲ್ಲಿ ವ್ಯರ್ಥವಾಗಬಾರದು. ಆದ್ದರಿಂದ ಇವರನ್ನು ದೊಡ್ಡ ಪಂಪ್‌ಹೌಸಿನ ಸೈಟಿಗೆ ವರ್ಗಾಯಿಸಲಾಗಿದೆ. ಅಲ್ಲಿ ಮೂರು ಪಟ್ಟು ವೆಲ್ಡಿಂಗ್ ಕೆಲಸವಿದೆ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಥ್ಯಾಂಕ್ಸೂ ಹವಾಮಾನವೂ ಇಲ್ಲದೆ ಹೇಳಿದೆ. ಮಲ್ಲಪ್ಪ ಸರ್ಟಿಫಿಕೇಟನ್ನು ಮುಖದ ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಯೂಸುಫ್ ಬಾಗಿಲಲ್ಲಿದ್ದ. "ಮಲ್ಲಪ್ಪಣ್ಣ, ನಿನ್ನ ನಸೀಬ ಛಲೋ. ಮೇಡಂ ಇನ್ನೊಂದು ಪುಟ ಬರೆದಿದ್ರ ನಿನ್ನ ಸೂರ್ಯನ ಮ್ಯಾಲ ವೆಲ್ಡಿಂಗ್‌ಗೆ ಕಳಿಸ್ತಿದ್ರು" ಅಂದ. ಮಲ್ಲಪ್ಪ ನಕ್ಕ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ಇರ್ಲಿ ಬಿಡ್ರಿ ಅಮ್ಮಾರ. ನೀವು ಬರೆದಿದ್ದು ಅಷ್ಟು ಛಲೋ ಇತ್ತು" ಅಂದು ಹೋದ.

ಆ ದಿನವೇ ಇನ್ನೊಂದು ಪತ್ರಕ್ಕೆ ಕೂತೆ. "ಮಲ್ಲಪ್ಪನ ಕಣ್ಣು ಹಾಳಾಗುತ್ತಿದೆ. ಸ್ಟೋರಿಗೆ ಹಾಕಿ." ಇಷ್ಟು ಬರೆಯಲು ಒಂದು ಇಡೀ ದಿನ ಹಿಡಿಯಿತು. ಕೈ ತಾನಾಗಿಯೇ "ತಮ್ಮ ಕೃಪಾಪತ್ರ" ಎನ್ನುತ್ತಿತ್ತು, ಹೊಡೆದುಹಾಕುತ್ತಿದ್ದೆ. ಮತ್ತೆ "ಇಲ್ಲಿ ಮಳೆ ತಡವಾಗಿ" ಎನ್ನುತ್ತಿತ್ತು. ರಾಜ್ಯದ ಹೆಸರು ಹೊಡೆದುಹಾಕುವಾಗ ನನಗೆ ಇಷ್ಟು ಕಷ್ಟವಾಗಿರಲಿಲ್ಲ. ಕಳಿಸಿದ ಮೂರನೇ ದಿನ ಹೆಡ್ ಆಫೀಸಿನ ಹುಡುಗಿ ಫೋನ್ ಮಾಡಿ, "ಮೇಡಂ, ಆರ್ ಯು ಅಪ್‌ಸೆಟ್? ನಿಮ್ಮ ಆರೋಗ್ಯ ಸರಿಯಿದೆಯಾ?" ಎಂದು ಕೇಳಿದಳು. ಹಿಂದಿನ ಫಾರಮ್ಮು ನಿಜವೋ, ಈಗಿನ ಪತ್ರ ನಿಜವೋ ಎಂದು ಅವರಲ್ಲಿ ಚರ್ಚೆಯಾಗುತ್ತಿತ್ತಂತೆ. ಚರ್ಚೆ ಎಂಟು ತಿಂಗಳು ನಡೆಯಿತು. ನಾನು ಪ್ರತಿ ವಾರ ಅದೇ ಎರಡು ಸಾಲು ಬರೆದು ಹಾಕಿದೆ. ಆ ಎಂಟು ತಿಂಗಳೂ ಮಲ್ಲಪ್ಪ ಪಂಪ್‌ಹೌಸಿನಲ್ಲಿ ಪೈಪು ಬೆಸೆದ. ಆಮೇಲೆ ಸ್ಟೋರಿಗೆ ಹಾಕಿದರು.

ಅವನನ್ನು ಕೊನೆಯ ಸಲ ನೋಡಿದ್ದು ಗದ್ವಾಲದಲ್ಲಿ. ನಾನು ನೌಕರಿ ಬಿಟ್ಟಾಗಿತ್ತು. ಸೀರೆಗೆಂದು ಹೋಗಿದ್ದೆ, ಸೀರೆಗೇ ಹೆಸರಾದ ನಾರಾಯಣಪೇಟೆಯವಳು ಗದ್ವಾಲದ ಸೀರೆ ಕೊಳ್ಳುವುದು ಊರಿಗೆ ಮಾಡುವ ದ್ರೋಹವಾದ್ದರಿಂದ ಯಾರಿಗೂ ಹೇಳಿರಲಿಲ್ಲ. ಹಾಗೇ ಸ್ಟೋರಿನ ಕಡೆಗೆ ನಡೆದೆ. ಮಲ್ಲಪ್ಪ ದಪ್ಪ ಕನ್ನಡಕ ಹಾಕಿಕೊಂಡು ಬೋಲ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದ. ನಾನು ಎದುರಿಗೆ ನಿಂತರೂ, "ಯಾರ್ರಿ, ಏನು ಬೇಕಿತ್ತು?" ಅಂದ. ಮಾತಾಡಿದ ಮೇಲೆ ಗುರುತು ಹತ್ತಿತು. "ಅಯ್ಯ, ನಮ್ಮ ಅಮ್ಮಾರು! ಕುಂದ್ರಿ, ಕುಂದ್ರಿ" ಎಂದು ಸ್ಟೂಲು ಎಳೆದ. ಫ್ಲಾಸ್ಕಿನಿಂದ ಚಹಾ ಹಾಕಿದ. ಹಾಕುವಾಗ ಲೋಟದ ಅಂಚಿಗೆ ಬೆರಳು ಇಟ್ಟುಕೊಂಡಿದ್ದ, ತುಂಬಿದ್ದು ತಿಳಿಯಲಿ ಎಂದು.

"ಕಣ್ಣು ಹೇಗಿದೆ ಮಲ್ಲಪ್ಪಾ?"

"ಛಲೋ ಅದಾವ್ರಿ. ಸ್ಟೋರಿನ್ಯಾಗ ನೆರಳೈತಿ, ತಂಪೈತಿ. ಎಲ್ಲಾ ನಿಮ್ಮ ಪತ್ರದ ಪುಣ್ಯ."

ಸೀರೆ ನೆಪವಷ್ಟೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು "ಸಾರಿ" ತಯಾರು ಮಾಡಿಕೊಂಡು ಹೋಗಿದ್ದೆ, ಬರೀ ಒಂದು ಶಬ್ದ, ಅಲಂಕಾರ ಏನೂ ಇಲ್ಲದ್ದು. ಬಾಯಿ ತೆರೆದೆ. "ಚಹಾ ಬಹಳ ಚೆನ್ನಾಗಿದೆ" ಅಂದೆ.