ಸೋರುವ ಕೋಣೆಯ ಉಪದೇಶ

ಹಲ್ಲಿನವರ ತಾಪತ್ರಯಕ್ಕೆಲ್ಲ ಮೂಲ ಅವರಿಗೆ ಸಿಟ್ಟು ಬಾರದಿದ್ದದ್ದು. ಬರುತ್ತಲೇ ಇರಲಿಲ್ಲ ಎಂದಲ್ಲ. ಬರುತ್ತಿತ್ತು, ಆದರೆ ಯಾರ ಮೇಲೆ ಬಂದಿತ್ತೋ ಅವರೆದುರು ಹೋಗಿ ನಿಂತ ಕೂಡಲೇ ಎಲ್ಲೋ ಜಾರಿಕೊಳ್ಳುತ್ತಿತ್ತು. ಕಟ್ಟುಹಲ್ಲು ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದರಿಂದ ಬೀದಿಯವರೆಲ್ಲ ಅವರನ್ನು ಹಲ್ಲಿನವರು ಎಂದೇ ಕರೆಯುತ್ತಿದ್ದರು. ದಿನವಿಡೀ ಊರವರ ಬಾಯಿ ತೆರೆಸುವ ಈ ಮನುಷ್ಯ ಸ್ವಂತ ಬಾಯಿ ತೆರೆಯುವುದು ಮಾತ್ರ ಅಪರೂಪವಾಗಿತ್ತು.

ಅವರಿದ್ದದ್ದು ಮೇಲಿನ ಮಹಡಿಯ ಬಾಡಿಗೆ ಮನೆ. ಮಲಗುವ ಕೋಣೆ ಎರಡು ಮಳೆಗಾಲದಿಂದ ಸೋರುತ್ತಿತ್ತು. ಒಮ್ಮೆ ಧೈರ್ಯ ಮಾಡಿ, ವಸಡಿನ ಅಚ್ಚಿಗೆ ಬಳಸುವ ಗುಲಾಬಿ ಬಣ್ಣದ ಪುಡಿಯನ್ನು ಅಂಗಡಿಯಿಂದ ತಂದು ಕಲಸಿ ಮೆತ್ತಿದ್ದರು. ಛಾವಣಿಗೆ ವಸಡು ಬಂತೇ ಹೊರತು ಸೋರುವುದು ನಿಲ್ಲಲಿಲ್ಲ. ಮನೆಯ ಓನರು ಎದುರು ಸಿಕ್ಕಾಗಲೆಲ್ಲ ಹಲ್ಲಿನವರು ಆ ಕೋಣೆಯ ಮಾತೆತ್ತುವರು, ಓನರು ನೋಡೋಣ ಎನ್ನುವರು, ಹಲ್ಲಿನವರು ನಿಧಾನಕ್ಕೆ ನೋಡಿ ಸಾರ್, ಅವಸರವೇನಿಲ್ಲ ಎಂದು ತಾವೇ ಸಮಾಧಾನ ಹೇಳಿ ಬರುವರು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು, ಓನರಿಗೆ ಹೇಳಬೇಕಾದದ್ದನ್ನೆಲ್ಲ ನಲ್ಲಿಗೆ ಹೇಳುವರು.

ಈ ಸಲ ಮಾತ್ರ ಅವಸರವಿತ್ತು. ಮಗಳು ಹಸುಗೂಸನ್ನು ಎತ್ತಿಕೊಂಡು ಮಾರನೆಯ ದಿನ ಬರುವವಳಿದ್ದಳು. ಮೊಮ್ಮಗಳ ಮುಖವನ್ನು ಹಲ್ಲಿನವರು ಇನ್ನೂ ನೋಡಿರಲಿಲ್ಲ. ತೊಟ್ಟಿಲು ಕಿಟಕಿಯ ಕಡೆಗಿರಬೇಕೋ ಗೋಡೆಯ ಕಡೆಗಿರಬೇಕೋ ಎಂದು ವಾರದಿಂದ ಅದೊಂದೇ ಯೋಚನೆ.

"ರೀ, ಇವತ್ತು ಗಾರೆಯವನು ತಾರಸಿ ಹತ್ತಲಿಲ್ಲ ಅಂದ್ರೆ ಮಗು ಬೀಗರ ಮನೆಗೇ ಹೋಗುತ್ತೆ" ಎಂದಳು ಹೆಂಡತಿ. "ಆಮೇಲೆ ಫೋಟೋ ನೋಡ್ಕೊಂಡು ಲಾಲಿ ಹಾಡ್ತಾ ಕೂತಿರಿ."

ಹಲ್ಲಿನವರು ಓನರ ಮನೆಗೆ ಹೋಗಲು ಚಪ್ಪಲಿ ಮೆಟ್ಟುತ್ತಿರುವಾಗಲೇ ಓನರೇ ಮೆಟ್ಟಿಲು ಹತ್ತಿ ಬಂದರು. ಹಿಂದೆ ಗಾರೆಯವನು, ಅವನ ತಲೆಯ ಮೇಲೆ ಸಿಮೆಂಟಿನ ಚೀಲ. ಹಲ್ಲಿನವರ ಕಣ್ಣು ತುಂಬಿ ಬಂತು. ಗಾರೆಯವನು ಮೆಟ್ಟಿಲ ತುದಿಯಲ್ಲಿ ಸಿಮೆಂಟು ಕಲಸತೊಡಗಿದ. ತಾರಸಿಯ ಬಾಗಿಲಿನ ಬೀಗದ ಕೈ ಓನರ ಜೇಬಿನಲ್ಲಿತ್ತು, ಓನರು ಮಾತ್ರ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಅವರದು ಬೇರೆ ಧರ್ಮ. ಯಾವುದೆಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಅವರ ಅಂಗಿಯ ಗುಂಡಿಗಳು ಒಂದು ತೂತು ತಪ್ಪಿಯೇ ಇರುತ್ತಿದ್ದವು.

"ಎರಡು ವರ್ಷದಿಂದ ನಿಮ್ಮನ್ನ ಸತಾಯಿಸ್ತಿದ್ದೀನಿ. ಒಂದು ದಿನ ನೀವು ದನಿ ಏರಿಸಲಿಲ್ಲ" ಎಂದರು. "ಅವಳು ಹೋದ ಮೇಲೆ ನನ್ನ ಮನಸ್ಸು ಒಂದು ಗಳಿಗೆ ಒಂದು ಕಡೆ ನಿಲ್ತಿಲ್ಲ. ನೀವು ಸೋರೋ ಮನೇಲಿ ಬಕೆಟ್ ಇಟ್ಕೊಂಡು ನಗ್ತಾ ಇದ್ದೀರಿ. ಈ ಶಾಂತಿ ನಿಮ್ಮ ಧರ್ಮದಿಂದ್ಲೇ ಬಂದಿರಬೇಕು. ನನ್ನನ್ನೂ ಸೇರಿಸ್ಕೊಳ್ಳಿ."

ಹಲ್ಲಿನವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಗಾರೆಯವನ ಬಾಂಡಲಿ ನೋಡಿದಳು. ಅದರ ಅರ್ಥ ಸ್ಪಷ್ಟವಾಗಿತ್ತು: ಬೇಗ ಸೇರಿಸಿಕೊಂಡು ಮುಗಿಸಿ.

ಸೇರಿಸಿಕೊಳ್ಳುವುದು ಹೇಗೆಂದು ಮಾತ್ರ ಹಲ್ಲಿನವರಿಗೆ ಗೊತ್ತಿರಲಿಲ್ಲ. ಅವರು ಹುಟ್ಟುವಾಗಲೇ ಒಳಗಿದ್ದರು, ಬಾಗಿಲು ಎಲ್ಲಿದೆಯೆಂದು ನೋಡುವ ಪ್ರಸಂಗ ಬಂದಿರಲಿಲ್ಲ. ಪರಿಚಯದ ಅರ್ಚಕರಿಗೆ ಫೋನು ಮಾಡಿದರು. ಅರ್ಚಕರು ಗೋತ್ರ ಕೇಳಿದರು, ನಕ್ಷತ್ರ ಕೇಳಿದರು. ಎರಡೂ ಇಲ್ಲವೆಂದು ತಿಳಿದ ಮೇಲೆ, ದೇವರನ್ನು ನೋಡಲು ಯಾವಾಗ ಬೇಕಾದರೂ ಬರಲಿ, ಯಾರೂ ತಡೆಯುವುದಿಲ್ಲ, ಆದರೆ ಸೇರಿಸಿಕೊಳ್ಳುವ ಕೆಲಸ ತಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದು ಫೋನು ಇಟ್ಟುಬಿಟ್ಟರು.

ಗಾರೆಯವನು ಬಾಗಿಲಲ್ಲಿ ಇಣುಕಿ, ಕಲಸಿದ್ದು ಗಟ್ಟಿಯಾಗುತ್ತದೆ ಎಂದ. ಈ ಒಂದು ವಿಷಯ ಹಲ್ಲಿನವರಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಹೊರಗೆ ಮೋಡ ಬೇರೆ ಕವಿಯುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು.

"ಆಯ್ತು ಸಾರ್, ಇವತ್ತಿಂದ ನೀವು ನಮ್ಮವರು. ಬೀಗದ ಕೈ ಕೊಡಿ."

"ಅಷ್ಟೇನಾ?" ಎಂದರು ಓನರು. ಅವರ ಮುಖ ಸಪ್ಪಗಾಗಿತ್ತು.

"ಅಷ್ಟೇ ಹೇಗಾಗುತ್ತೆ?" ಎಂದು ಬಾಗಿಲಿನಿಂದ ಇನ್ನೊಂದು ದನಿ ಬಂತು. ಕೆಳಮನೆಯ ನಿವೃತ್ತ ಮೇಷ್ಟ್ರು. ಸಿಮೆಂಟು ಕಲಸುವ ಸದ್ದು ಯಾರ ಮನೆಯದೆಂದು ವಿಚಾರಿಸಲು ಬಂದವರು, ಇಂಥ ವಿಷಯ ಸಿಕ್ಕಿದ ಮೇಲೆ ಕೆಳಗಿಳಿಯುವ ಆಸಾಮಿಯಲ್ಲ. "ಸೇರಿಸ್ಕೊಳ್ಳೋಕೆ ನೀವ್ಯಾರು ರೀ? ನಾವು ಯಾರನ್ನೂ ಕರೆಯೋದಿಲ್ಲ. ಕೇಳಿಕೊಂಡು ಬಂದ್ರೆ ಹೇಳ್ತೀವಿ. ಅದು ನಮ್ಮ ಕ್ರಮ."

ಅಲ್ಲಿಂದ ಮುಂದೆ ಮೇಷ್ಟ್ರು ನದಿಗಳನ್ನು ಹಿಡಿದುಕೊಂಡರು. ಎಲ್ಲೆಲ್ಲೋ ಹುಟ್ಟುವ ನದಿಗಳು ಕೊನೆಗೆ ಸಮುದ್ರವನ್ನೇ ಸೇರುವ ಕಾರಣ, ಓನರು ಇದ್ದಲ್ಲಿಯೇ ಇದ್ದರೂ ಸಾಕು ಎಂಬುದು ತಾತ್ಪರ್ಯ. ನೀರಿನ ಮಾತು ಬರುತ್ತಲೇ ಹಲ್ಲಿನವರು ಕೋಣೆಯ ಕಡೆ ನೋಡಿದರು.

ಪಕ್ಕದ ಮನೆಯ ನರ್ಸಮ್ಮ ರಾತ್ರಿಪಾಳಿ ಮುಗಿಸಿ ನಿದ್ದೆಗೆ ಹೊರಟಿದ್ದವಳು ಗದ್ದಲಕ್ಕೆ ಎದ್ದು ಬಂದಳು. ಅವಳಿಗೆ ಮೇಷ್ಟ್ರ ಮಾತು ಒಂದಿಷ್ಟೂ ಹಿಡಿಸಲಿಲ್ಲ. ತನ್ನ ತಮ್ಮನ ಹೆಂಡತಿ ಬೇರೆ ಧರ್ಮದಿಂದ ಬಂದವಳೇ, ಈಗ ಸ್ನಾನ ಮಾಡದೆ ದೀಪ ಮುಟ್ಟಬಾರದು ಎಂದು ತನಗೇ ಪಾಠ ಹೇಳುತ್ತಾಳೆ ಎಂದಳು. ಮದುವೆಯಾಗಿ ಬರುವುದು ಬೇರೆ, ಹೀಗೆ ಬರುವುದು ಬೇರೆ ಎಂದರು ಮೇಷ್ಟ್ರು. ಹಾಗಾದರೆ ಇವರಿಗೊಂದು ಹೆಣ್ಣು ನೋಡೋಣವೇ ಎಂದಳು ನರ್ಸಮ್ಮ. ಓನರು ಗಾಬರಿಯಾದರು. ಮಾತು ಮುಂದುವರಿದು ಮೊಟ್ಟೆ ತಿನ್ನಬಹುದೋ ಬಾರದೋ ಎಂಬಲ್ಲಿಗೆ ಬಂತು. ಬಾರದು ಎಂದರು ಮೇಷ್ಟ್ರು. ಅವರ ಅಡುಗೆಮನೆಯ ಕಸದಬುಟ್ಟಿ ತನ್ನ ಕಿಟಕಿಗೆ ಕಾಣುತ್ತದೆ ಎಂದಳು ನರ್ಸಮ್ಮ. ಮೇಷ್ಟ್ರು ಮತ್ತೆ ನದಿಗಳಿಗೆ ಮರಳಿದರು.

ಓನರು ಪಾಪ, ಇಬ್ಬರ ಮುಖವನ್ನೂ ಭಕ್ತಿಯಿಂದ ನೋಡುತ್ತಿದ್ದರು. ಮಧ್ಯೆ ಮಧ್ಯೆ ಅವರ ಕೈ ಜೇಬಿಗೆ ಹೋದಾಗ ಹಲ್ಲಿನವರ ಜೀವ ಬಾಯಿಗೆ ಬರುತ್ತಿತ್ತು. ಕೈ ಕರವಸ್ತ್ರ ಹಿಡಿದು ಹೊರಬರುತ್ತಿತ್ತು.

ಗಾರೆಯವನು ಮತ್ತೆ ಇಣುಕಿ, ಮೊದಲನೆಯ ಬಾಂಡಲಿ ಕಲ್ಲಾಯಿತು ಎಂದ. ಅದೇ ಹೊತ್ತಿಗೆ ಹೆಂಡತಿಯ ಫೋನು ರಿಂಗಾಯಿತು. ಮಗಳು. ಕೋಣೆ ಸರಿಯಾಯಿತಾ ಎಂದು ಕೇಳುತ್ತಿದ್ದಳು, ಹಿಂದೆ ಮಗು ಅಳುವುದು ಕೇಳುತ್ತಿತ್ತು. ಹೊರಗೆ ಮಳೆಯ ಮೊದಲ ಹನಿ ಬಿತ್ತು.

ಎರಡು ವರ್ಷದಿಂದ ಬಚ್ಚಲಿನ ನಲ್ಲಿಯೊಂದೇ ಕೇಳಿದ್ದ ದನಿ ಆಗ ನಡುಮನೆಯಲ್ಲಿ ಹೊರಟಿತು.

"ಸಾಕು ನಿಲ್ಲಿಸ್ರೀ! ಧರ್ಮವಂತೆ, ನದಿಯಂತೆ! ಎಲ್ಲಾ ಬಿಟ್ಟು ಆ ಕೋಣೆಗೆ ಹೋಗಿ, ಆ ಬಕೆಟ್ ಪಕ್ಕ ಒಂದು ಗಳಿಗೆ ಸುಮ್ನೆ ಕೂತು ನೋಡ್ರೀ! ಆಗ ಗೊತ್ತಾಗುತ್ತೆ ನಿಮಗೆ!"

ಹಲ್ಲಿನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಹೆಂಡತಿ ಮದುವೆಯಾದಂದಿನಿಂದ ಗಂಡನನ್ನು ಇಷ್ಟು ಮೆಚ್ಚುಗೆಯಿಂದ ನೋಡಿರಲಿಲ್ಲ.

ಓನರು ಮೆಲ್ಲಗೆ ಎದ್ದರು. ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಚಪ್ಪಲಿ ಬಿಟ್ಟು, ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಬೀಗದ ಕೈಯನ್ನು ಮುಟ್ಟಬೇಕೋ ಬೇಡವೋ ತಿಳಿಯದೆ ಎಲ್ಲರೂ ಅದನ್ನೇ ನೋಡುತ್ತ ನಿಂತರು. ಮಳೆ ಜೋರಾಯಿತು. ಒಳಗಿನಿಂದ ಟಪ್ ಟಪ್ ಎಂಬ ಸದ್ದೊಂದೇ ಬರುತ್ತಿತ್ತು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಓನರ ಕೆನ್ನೆ ಒದ್ದೆಯಾಗಿತ್ತು, ಅದು ಛಾವಣಿಯ ನೀರಲ್ಲ.

"ಒಂದು ಹನಿ ಬೀಳುತ್ತೆ, ಇನ್ನೊಂದಕ್ಕೆ ಕಾಯ್ತೀನಿ. ಅಷ್ಟೇ. ಬೇರೆ ಏನೂ ತಲೇಲಿ ಇರಲಿಲ್ಲ" ಎಂದರು. "ಒಂದು ವರ್ಷದಿಂದ ನನಗೆ ಹೀಗೆ ಆಗಿರ್ಲಿಲ್ಲ. ಇವರೆಲ್ಲ ಮಾತಾಡಿದ್ರು, ನೀವು ಒಬ್ಬರೇ ದಾರಿ ತೋರಿಸಿದ್ರಿ. ಅದೂ ಬೈದು."

ಆಮೇಲೆ ಮೇಜಿನ ಮೇಲಿನ ಬೀಗದ ಕೈಯನ್ನು ಎತ್ತಿ ಜೇಬಿಗಿಳಿಸಿ, ಗಾರೆಯವನತ್ತ ತಿರುಗಿ, ಆ ತೂತಿಗೆ ಯಾರೂ ಕೈ ಹಚ್ಚಕೂಡದು ಎಂದರು. ದಿನಾ ಸಂಜೆ ಬಂದು ಒಂದಿಷ್ಟು ಹೊತ್ತು ಕೂತು ಹೋಗಲು ಹಲ್ಲಿನವರ ಅಪ್ಪಣೆ ಬೇಡಿದರು. ಪ್ಲಾಸ್ಟಿಕ್ ಬಕೆಟ್ಟಿನ ಸದ್ದು ಸ್ವಲ್ಪ ಒರಟಾಯಿತು, ತಾಮ್ರದ ಪಾತ್ರೆ ತಾವೇ ತಂದುಕೊಡುವುದಾಗಿಯೂ ಹೇಳಿದರು.

ಹಲ್ಲಿನವರು ಇನ್ನೊಮ್ಮೆ ಕೂಗಾಡಲು ಬಾಯಿ ತೆರೆದರು. ಆದರೆ ಮುದುಕ ಕಣ್ಣೊರೆಸಿಕೊಳ್ಳುತ್ತಿದ್ದ ರೀತಿ ನೋಡಿ ಅವರಿಗೆ ನಿಜವಾಗಿಯೂ ಕರುಳು ಚುರುಕ್ ಎಂದಿತು. ಸಿಟ್ಟು ಎಂದಿನಂತೆ ಜಾರಿಕೊಂಡಿತು. "ಆಗಲಿ ಸಾರ್, ನಿಧಾನಕ್ಕೆ ಬನ್ನಿ" ಎಂದುಬಿಟ್ಟರು. ಹೆಂಡತಿ ಒಳಗೆ ಹೋಗಿ ಮಗಳಿಗೆ ಫೋನು ಮಾಡಿದಳು. ಮಾತು ಚಿಕ್ಕದಾಗಿತ್ತು.

ಸಂಜೆ ಹಲ್ಲಿನವರು ತೊಟ್ಟಿಲನ್ನು ಮಡಚಿ ಅಟ್ಟಕ್ಕೆ ಹಾಕುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಓನರು, ಕೈಯಲ್ಲಿ ತಾಮ್ರದ ಪಾತ್ರೆ. ಅವರ ಹಿಂದೆ ಗಾರೆಯವನು. ಹಲ್ಲಿನವರ ಎದೆ ಹೂವಾಯಿತು. ಎಷ್ಟಾದರೂ ಓನರು ತಿಳಿದವರು, ಮನಸ್ಸು ಬದಲಾಗಿರಬೇಕು. ತೊಟ್ಟಿಲನ್ನು ಅಲ್ಲಿಯೇ ಬಿಟ್ಟು ಹೆಂಡತಿಯನ್ನು ಕೂಗಿ, ಮಗಳಿಗೆ ಫೋನು ಹಚ್ಚಲು ಹೇಳಿದರು.

"ಬಾಪ್ಪಾ, ಬಾ. ಕತ್ತಲಾಗೋದ್ರೊಳಗೆ ಮುಗಿಸಿಬಿಡು. ಸಿಮೆಂಟ್ ಎಲ್ಲಿ?"

ಗಾರೆಯವನು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಚಪ್ಪಲಿಯನ್ನು ಜೋಡಿಸಿ ಬಾಗಿಲ ಪಕ್ಕಕ್ಕಿಟ್ಟ.

"ಇಲ್ಲ ಸ್ವಾಮಿ, ನಾನೂ ಕೂತ್ಕೊಳ್ಳೋಕೇ ಬಂದೆ."

ಓನರು ತುಸು ಸಂಕೋಚದಿಂದ ಹಲ್ಲಿನವರ ಕಿವಿಯ ಬಳಿ ಬಾಗಿದರು.

"ನಾನಾಗಿ ಕರೀಲಿಲ್ಲ" ಎಂದರು. "ಅವನೇ ಕೇಳಿಕೊಂಡು ಬಂದ, ಹೇಳ್ದೆ."